ಕೋಶಗಳಿಗೂ ಒತ್ತಾಯದ ಊಟ

ಹೋದ ತಿಂಗಳು ಒಂದು ಭಾನುವಾರ. ಇಂಡಿ ಪಟ್ಟಣದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಹೊಸ ಅಳಿಯನಿಗೆ ಊಟ. ಮುದ್ದೇಬಿಹಾಳದ ಹುಡುಗ, ಮೆತ್ತಗಿನವನು. ಮತ್ತೊಂದು ಶೇಂಗಾ ಹೋಳಿಗೆ ಬರುವುದನ್ನು ಕಂಡು ತಾಟಿಗೆ ಕೈ ಅಡ್ಡ ಹಿಡಿದ.

"ಸಾಕ್ರಿ ಅತ್ತಿ, ಖರೇನ ಸಾಕ್ರಿ."

"ಏನ್ ಸಾಕು? ಅತ್ತಿ ಮನ್ಯಾಗ ಉಪಾಸ ಇದ್ರು ಅಂತಾರ ಮಂದಿ. ನನ್ನ ಆಣಿ ಐತಿ, ಇದೊಂದ ತಗೊಳ್ರಿ."

ಅವನ ಬೆರಳ ಸಂದಿಯಿಂದಲೇ ತುಪ್ಪ ಇಳಿಯಿತು. (ನಾನು ನಡುವೆ ಬಾಯಿ ಹಾಕಲಿಲ್ಲ. ಹಾಕಿದ್ದರೆ ನನ್ನ ತಾಟಿಗೂ ಬೀಳುತ್ತಿತ್ತು.)

ಅಷ್ಟರಲ್ಲಿ ನನ್ನ ಫೋನು. ಲ್ಯಾಬಿನಿಂದ ಲಕ್ಷ್ಮಿ. ನಮ್ಮ ಕಡೆಯವಳೇ, ಸಿಂದಗಿಯ ಹುಡುಗಿ, ನನ್ನ ಜೂನಿಯರ್.

ನನ್ನ ಕೆಲಸ ಏನು ಅಂತೀರಾ? ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಜೀವಕೋಶಗಳನ್ನು ಟ್ಯಾಂಕಿನಲ್ಲಿ ಬೆಳೆಸುತ್ತೇವೆ. ಅವು ಪ್ರತಿಕಾಯ (ಆ್ಯಂಟಿಬಾಡಿ) ಎಂಬ ಪ್ರೋಟೀನ್ ತಯಾರಿಸುತ್ತವೆ, ಅದು ಔಷಧವಾಗುತ್ತದೆ. ಅಕ್ಕನ ಕೀಲುನೋವಿಗೆ ಕೊಡುವ ಇಂಜೆಕ್ಷನ್ ಇಂಥದ್ದೇ. (ಅವತ್ತು ಅವಳು ಹೋಳಿಗೆ ಲಟ್ಟಿಸಿದ್ದು ಇಂಥ ಕೋಶಗಳ ಪುಣ್ಯದಿಂದ.) ಗ್ಲೂಕೋಸ್, ಅಮೈನೋ ಆಮ್ಲ, ವಿಟಮಿನ್ ಬೆರೆಸಿದ 'ಫೀಡ್' ಅನ್ನು ಅವಕ್ಕೆ ಎಷ್ಟು, ಯಾವಾಗ ಕೊಡಬೇಕು ಎಂಬುದೇ ನಮ್ಮ ಕಸುಬು. ಲಕ್ಷ್ಮಿ ಒಬ್ಬಳೇ ನಡೆಸುತ್ತಿದ್ದ ಮೊದಲ ಬ್ಯಾಚ್ ಅದು. ಕೆಟ್ಟರೆ ಕೆಲಸ ಬೇರೆಯವರ ಕೈಗೆ ಹೋಗುತ್ತಿತ್ತು.

"ಅಕ್ಕಾರ, ಸೆಲ್ ಸಾಯಾಕತ್ತಾವ್ರಿ. ಇನ್ನಷ್ಟ ಫೀಡ್ ಹಾಕ್ಲೇನ್ರಿ?"

"ನಿನ್ನೆ ಎಷ್ಟ ಹಾಕಿದಿ?"

"ಸ್ವಲ್ಪ ಹೆಚ್ಚರಿ. ಸೊರಗಿದಂಗ ಕಂಡ್ವು. ಪಾಪ, ಹಸದಾವೇನೋ ಅನಸ್ತರಿ."

ನಗು ಬಂತು, ಸಿಟ್ಟೂ ಬಂತು. ಸೊರಗಿದವರನ್ನು ಕಂಡರೆ ಮೊದಲು ತಾಟು ಹಾಕುವುದು ನಮ್ಮ ಕಡೆಯವರ ಜಾಯಮಾನ. ಬೇರೆ ಊರಿನ ಹುಡುಗಿಯಾಗಿದ್ದರೆ ಮೊದಲು ಮೀಟರ್ ನೋಡುತ್ತಿದ್ದಳು. ಒಮ್ಮೆಲೇ ಹೆಚ್ಚು ಉಂಡ ಕೋಶಗಳು ಲ್ಯಾಕ್ಟೇಟ್, ಅಮೋನಿಯಾ ಬಿಡುತ್ತವೆ, ಆಮೇಲೆ ಆ ಹೊಲಸಿನಲ್ಲೇ ಸಾಯುತ್ತವೆ. ಅತಿಯಾದರೆ ಅಮೃತವೂ ವಿಷ ಎನ್ನುವುದಿಲ್ಲವೇ?

"ಲ್ಯಾಕ್ಟೇಟ್ ಎಷ್ಟೈತಿ ನೋಡು."

"ಭಾಳ ಏರೇತ್ರಿ."

"ಅಂದ್ರ ಅವು ಸಾಕು ಅನ್ನಾಕತ್ತಾವ. ಅದು ಇಳಿಯೂತನಕ ಏನೂ ಹಾಕಬ್ಯಾಡ. ಆಮ್ಯಾಲ ಸ್ವಲ್ಪ ಸ್ವಲ್ಪ ಕೊಡು."

"ಉಪಾಸ ಕೆಡವೂದೇನ್ರಿ?" ಅವಳ ದನಿ ಅಳುವಂತಿತ್ತು.

"ಹೂಂ, ಕೆಡವು. ನಾ ಅದೀನಿ."

ಬ್ಯಾಚ್ ಮುಗಿಯಿತು. ಕೋಶಗಳು ಚೇತರಿಸಿಕೊಂಡು ಹಿಂದಿನ ಬ್ಯಾಚಿಗಿಂತ ಹೆಚ್ಚೇ ಪ್ರತಿಕಾಯ ಕೊಟ್ಟವು. ಮುಂದಿನದೂ ಲಕ್ಷ್ಮಿಯದೇ. ನನಗೇನೂ ಆಶ್ಚರ್ಯವಾಗಲಿಲ್ಲ, ಹೆಮ್ಮೆಯಾಯಿತು.

ಅಳಿಯನ ಸುದ್ದಿ ಮಾತ್ರ ಅಷ್ಟು ಚೆನ್ನಾಗಿಲ್ಲ. ಆ ಭಾನುವಾರ ನಾನು ಫೋನ್ ಇಟ್ಟು ಬಂದಾಗ ತಾಟಿನಲ್ಲಿ ಮಗದೊಂದು ಹೋಳಿಗೆ. ಊರಿಗೆ ಹೋದವನು ಬರೀ ಮಜ್ಜಿಗೆ ಕುಡಿದುಕೊಂಡಿದ್ದನಂತೆ.

ಬಾಯಿಯೇ ಇಲ್ಲದ ಕೋಶ 'ಸಾಕು' ಎಂದದ್ದು ಲ್ಯಾಬಿಗೆಲ್ಲ ಕೇಳಿಸಿತು; ಬಾಯಿ ಬಿಟ್ಟು ಹೇಳಿದ ಅಳಿಯನ ಮಾತು ನಮ್ಮ ಮನೆಯಲ್ಲಿ ಯಾರಿಗೆ ಕೇಳಿಸಿತು?