ಅಂಗಳದ ವಾಟ

ಎಪ್ಪತ್ತೆಂಟನೇ ಇಸವಿಯ ಕಾರ್ತಿಕ ಮಾಸ. ನನಗೆ ಒಂಬತ್ತು ತಿಂಗಳು ಬಿದ್ದಿತ್ತು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಹಾಗಾಗಿ ಈ ಸಲ ಮನೆಯಲ್ಲಿ ಯಾರೂ ಅದರ ಮಾತನ್ನು ಜೋರಾಗಿ ಆಡುತ್ತಲೂ ಇರಲಿಲ್ಲ. ನನಗಂತೂ ಹಗಲಿರುಳೂ ಅದೇ ಭಯ.

ಗಂಡನ ಮನೆ ಜಗಳೂರು, ತವರು ನ್ಯಾಮತಿ. ಹೆರಿಗೆಗೆ ಅಷ್ಟು ದೂರ ಹೋಗಬೇಕು. ಡಾಕ್ಟರಮ್ಮ, "ಬಸ್ಸು ಬೇಡ. ಮುಂದಕ್ಕೆ ಬಗ್ಗಿ ಕೂರಲೇಬೇಡ, ಹೊಟ್ಟೆ ಒತ್ತಬಾರದು" ಎಂದಿದ್ದರು. ಮನೆಯಲ್ಲಿದ್ದದ್ದು ಯಜಮಾನರು ಹರಾಜಿನಲ್ಲಿ ಹಿಡಿದ ಹಳೇ ಜೀಪು. ಅದರ ಮುಂದಿನ ಚಕ್ರಗಳ ಮೇಲೆ ಭಾರ ಹೊರುವ ಸ್ಪ್ರಿಂಗಿನ ಕಮಾನು ಪಟ್ಟಿಗಳು ಸೋತು, ನೀರಿಗೆ ಬಗ್ಗಿದ ಎಮ್ಮೆಯ ಹಾಗೆ ಮೂತಿ ಕೆಳಗಾಗಿತ್ತು. ಕೂತರೆ ಮೈ ಸೀಟಿನಿಂದ ಮುಂದಕ್ಕೆ ಜಾರುತ್ತಿತ್ತು. ಕಾಲು ಒತ್ತಿ ಹಿಡಿದೇ ಕೂರಬೇಕು.

"ಮುಂದಿನ ಭಾಗ ಎತ್ತರಿಸಿದ್ರೆ ಆತು. ಮನೇಲೇ ಮಾಡ್ತೀನಿ" ಎಂದು ಯಜಮಾನರು ದಾವಣಗೆರೆಯ ಗುಜರಿಯಿಂದ ನಾಲ್ಕು ಕಮಾನು ಪಟ್ಟಿ ತಂದರು. ಅಂಗಳದಲ್ಲಿ ಜೀಪನ್ನು ಬೀದಿ ಕಡೆ ಮುಖ ಮಾಡಿ ನಿಲ್ಲಿಸಿ, ಜಾಕ್ ಕೊಟ್ಟು ಎತ್ತಿ, ಕಲ್ಲು ಆನಿಸಿ, ಚಕ್ರ ಬಿಚ್ಚಿದರು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ ಕುಡಿಸಿಯೇ ಮಧ್ಯಾಹ್ನವಾಯಿತು. ಎರಡೂ ಬದಿಗೆ ಒಂದೊಂದು ಪಟ್ಟಿ ಸೇರಿಸಿ ಚಕ್ರ ಹಾಕಿ ಇಳಿಸಿದರು.

ಆಗ ಬಂದರು ನಮ್ಮ ಮಾವ. ಅವರು ಗಾರೆ ಮೇಸ್ತ್ರಿ. ಗೋಡೆ ಕೂದಲೆಳೆಯಷ್ಟು ವಾಲಿದರೂ ಕೆಡವಿಸಿ ಮತ್ತೆ ಕಟ್ಟಿಸುವ ಜಾತಿ. ಗಾಜಿನ ಕೊಳವೆಯಲ್ಲಿ ಗುಳ್ಳೆ ಓಡಾಡುವ ರಸಮಟ್ಟವಿಲ್ಲದೆ ಹೊಸ್ತಿಲು ದಾಟುವವರಲ್ಲ. ಅದನ್ನು ಜೀಪಿನ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡಿದರು.

"ಗುಳ್ಳೆ ಇನ್ನೂ ಹಿಂದಕ್ಕೇ ಐತೆ, ಮೂತಿ ತಗ್ಗು ಅಂತ ಅರ್ಥ. ಇನ್ನೊಂದೊಂದು ಹಾಕು."

"ಸಾಕು ಅನ್ಸುತ್ತಪ್ಪ. ಕಣ್ಣಿಗೆ ಸರಿಯಾಗೇ ಐತೆ."

"ನಿನ್ನ ಕಣ್ಣು ಸುಳ್ಳು ಹೇಳ್ತೈತೆ. ಇದು ಹೇಳಾಕಿಲ್ಲ."

ಯಜಮಾನರು ಗೊಣಗುತ್ತ ಮತ್ತೆ ಬಿಚ್ಚಿದರು. ಎರಡನೇ ಪಟ್ಟಿ ಬಿದ್ದ ಮೇಲೆ ಗುಳ್ಳೆ ಸರಿಯಾಗಿ ನಡುವಿಗೆ ಬಂದು ನಿಂತಿತು. ಮಾವನ ಮುಖ ಅರಳಿತು. ನಾನು ಬಾಗಿಲ ಹಿಂದಿನಿಂದ ನೋಡುತ್ತಿದ್ದೆ. ಆಗೆಲ್ಲ ಸೊಸೆ ಮಾವನೆದುರು ನಿಂತು ಮಾತಾಡುತ್ತಿರಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ನಾನು ಅವರೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಹೊರಟೆವು. ನಾನು ಮುಂದೆ, ಮಾವ ಹಿಂದೆ. ಬೀದಿಗೆ ಇಳಿದದ್ದೇ ತಡ, ಜೀಪು ಮೂತಿ ಮೇಲೆತ್ತಿತು! ನನ್ನ ಬೆನ್ನು ತಾನಾಗಿ ಸೀಟಿಗೆ ಒರಗಿತು. ಹೊಟ್ಟೆಯ ಭಾರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕಣ್ಣ ಮುಂದೆ ರಸ್ತೆಯೇ ಇಲ್ಲ, ಬರೀ ಆಕಾಶ. ಮಂಜಿನೊಳಗಿಂದ ಹುಣಸೆ ಮರಗಳ ತಲೆಗಳಷ್ಟೇ ಬರುತ್ತಿದ್ದವು, ಹೋಗುತ್ತಿದ್ದವು. ಒಂದಷ್ಟು ಬೆಳ್ಳಕ್ಕಿಗಳು ನಮ್ಮ ಜೊತೆಗೇ ಬಂದವು. ಯಜಮಾನರು ಕತ್ತು ಉದ್ದ ಮಾಡಿ ರಸ್ತೆ ಹುಡುಕುತ್ತಿದ್ದರು. ನಾನು ಮಾತ್ರ ತೇಲುತ್ತಿದ್ದೆ. ಒಳಗೆ ಮಗು ಮೆಲ್ಲಗೆ ಹೊರಳಿತು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಭಯವಾಗಲಿಲ್ಲ.

ದಾವಣಗೆರೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಾವ ಇಳಿದು, ಪೆಟ್ರೋಲ್ ಬಂಕಿನ ಸಮತಟ್ಟು ನೆಲದಲ್ಲಿ ಮತ್ತೆ ರಸಮಟ್ಟ ಇಟ್ಟರು. ಗುಳ್ಳೆ ಮುಂದಕ್ಕೆ ಓಡಿಹೋಗಿ ಕೂತಿತು. ಮಾವ ಬಗ್ಗಿ ನೆಲ ನೋಡಿದರು, ಚಕ್ರ ನೋಡಿದರು. ಆಮೇಲೆ ಹಣೆ ಹೊಡೆದುಕೊಂಡರು.

"ಅಯ್ಯೋ, ಅಂಗಳದ ವಾಟ ಮರ್ತೆನಲ್ಲೋ! ಮಳೆ ನೀರು ಬೀದಿಗೆ ಹೋಗ್ಲಿ ಅಂತ ನಾನೇ ಕೊಟ್ಟ ಇಳಿಜಾರು."

ಯಜಮಾನರು ನಗು ತಡೆಯಲಾರದೆ ಆಚೆ ತಿರುಗಿದರು. ಮಾವನ ಮುಖ ಮಾತ್ರ ಕಪ್ಪಿಟ್ಟಿತು. "ಸ್ಪ್ಯಾನರ್ ತೆಗಿ. ಒಂದೊಂದು ಪಟ್ಟಿ ಇಲ್ಲೇ ಬಿಚ್ಚಾನ. ಹಿಂಗೆ ಸೊಟ್ಟ ಗಾಡೀಲಿ ಬೀಗರ ಮನೆಗೆ ಹೆಂಗೆ ಹೋಗಾದು?"

ನನಗೆ ಅದೆಲ್ಲಿಂದ ಧೈರ್ಯ ಬಂತೋ! "ಮಾವಾ, ಮುಟ್ಟಬ್ಯಾಡ್ರಿ. ಹಿಂಗೇ ಇರ್ಲಿ. ನನಗೆ ಹಾಯಾಗೈತೆ" ಎಂದುಬಿಟ್ಟೆ.

ಮಾವ ನನ್ನ ಮುಖ ನೋಡಿದರು. ರಸಮಟ್ಟವನ್ನು ಚೀಲಕ್ಕೆ ಹಾಕಿಕೊಂಡು ಹಿಂದೆ ಹತ್ತಿ ಕೂತರು.

ಅಲ್ಲಿಂದ ಮುಂದೆ ನಾನು ನಿದ್ದೆ ಹೋದೆ. ಹೊನ್ನಾಳಿ ಸೇತುವೆ ಮೇಲೆ ಅರೆ ಎಚ್ಚರವಾಯಿತು. ಹೊಳೆ ಕಾಣಲಿಲ್ಲ, ನೀರಿನ ತಂಪು ಮಾತ್ರ ಮುಖಕ್ಕೆ ಬಡಿಯಿತು. ಕನಸೋ ಏನೋ ಎಂದು ಮತ್ತೆ ಕಣ್ಣು ಮುಚ್ಚಿದೆ. ಎಚ್ಚರವಾದಾಗ ನಮ್ಮವ್ವ ಕೈ ಹಿಡಿದು ಇಳಿಸುತ್ತಿದ್ದಳು. ಹದಿನೆಂಟು ದಿನಕ್ಕೆ ಹೆಣ್ಣು ಮಗು ಹುಟ್ಟಿತು, ಗುಂಡು ಗುಂಡಾಗಿ.

ಐದು ತಿಂಗಳ ಮೇಲೆ ಯಜಮಾನರು ಕರೆಯಲು ಬಂದರು. ನೋಡಿದರೆ ಜೀಪು ಆಗಲೂ ಮೂತಿ ಮೇಲೆತ್ತಿಕೊಂಡೇ ನಿಂತಿತ್ತು.

"ಇನ್ನೂ ಬಿಚ್ಚಿಲ್ವೇನ್ರೀ?" ಎಂದೆ.

"ಅಪ್ಪ ಬಿಡ್ಬೇಕಲ್ಲ. ಮೇಸ್ತ್ರಿ ಗಾಡಿ ನೋಡ್ರೋ ಅಂತ ಊರೆಲ್ಲ ನಗಾಡ್ತು. ನಾನು ಸ್ಪ್ಯಾನರ್ ಹಿಡಿದಾಗೆಲ್ಲ, 'ಅವಳು ಮಗು ಎತ್ಕೊಂಡು ವಾಪಸ್ ಬರಾದು ಬ್ಯಾಡೇನೋ' ಅಂತ ಬೈತಿದ್ರು."

ಕೂದಲೆಳೆ ವಾಲಿದ ಗೋಡೆಯನ್ನು ಸಹಿಸದ ಮನುಷ್ಯ, ಊರಿನ ಬಾಯಿಗೆ ಬಿದ್ದು ಐದು ತಿಂಗಳು ಆ ಸೊಟ್ಟ ಗಾಡಿಯಲ್ಲಿ ಓಡಾಡಿದ್ದರು. ಈಗ ಮಾವ ಇಲ್ಲ, ಜೀಪೂ ಇಲ್ಲ. ಅಂಗಳ ತೊಳೆದಾಗ ನೀರು ತಾನಾಗಿ ಬೀದಿಯತ್ತ ಹರಿಯುವುದನ್ನು ನೋಡುತ್ತ ಪೊರಕೆ ಹಿಡಿದು ನಿಂತುಬಿಡುತ್ತೇನೆ. ಮಗಳು, "ಏನಮ್ಮಾ ನೋಡ್ತಿದೀಯಾ?" ಎನ್ನುತ್ತಾಳೆ.

"ನಿಮ್ಮ ತಾತನ್ನ" ಎನ್ನುತ್ತೇನೆ.