ಗೋಡೆ ತುಂಬಿದ ಪೆಟ್ಟಿಗೆಗಳು

ಪೆಟ್ಟಿಗೆ ಬರೆದು ಗೆರೆ ಎಳೆಯುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನನ್ನ ಅತ್ತೆ ಬಹಳ ದಿನ ನಂಬಿರಲಿಲ್ಲ. "ರಾಮಕೃಷ್ಣನಗರದ ಹೆಂಗಸರೆಲ್ಲ ದಿನಾ ಬಾಗಿಲ ಮುಂದೆ ಗೆರೆ ಎಳೀತಾರೆ ಕಣಮ್ಮ, ಯಾರಿಗೆ ಕೊಟ್ರು ಸಂಬಳ?" ಎಂದು ಕೇಳಿದ್ದರು. ಅವರ ರಂಗೋಲಿ ಹಾಲು ಹಾಕುವವರಿಗೂ ಅರ್ಥವಾಗುತ್ತಿತ್ತು, ನನ್ನದು ಯಾರಿಗೂ ಆಗುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಊದುಬತ್ತಿ ಕಾರ್ಖಾನೆಯೊಂದಕ್ಕೆ ನಮ್ಮ ಸಾಫ್ಟ್‌ವೇರ್ ಕಂಪನಿಯವರು ಡೇಟಾ ವೇರ್‌ಹೌಸ್ ಕಟ್ಟಿಕೊಡಬೇಕಿತ್ತು. ಹೆಸರಿಗೆ ಹೆದರಬೇಡಿ. ಖರೀದಿ, ತಯಾರಿಕೆ, ಗೋಡೌನು, ಮಾರಾಟ ಎಂದು ಹಂಚಿಹೋದ ಮಾಹಿತಿಯನ್ನೆಲ್ಲ ಹೊಂದಿಸಿ ಒಂದೇ ಕಡೆ ಇಡುವ ಕಂಪ್ಯೂಟರಿನ ಉಗ್ರಾಣ, ಅಷ್ಟೆ. ಕಟ್ಟುವ ಮೊದಲು ಅದರ ನಕ್ಷೆ ಬರೆಯಬೇಕು: ಒಂದೊಂದು ಬಗೆಯ ಮಾಹಿತಿಗೆ ಒಂದೊಂದು ಪೆಟ್ಟಿಗೆ, ಅವುಗಳ ನಂಟಿಗೆ ಗೆರೆ. ನಾನೊಬ್ಬಳೇ ಬರೆದ ಮೊದಲ ನಕ್ಷೆ ಅದು. ಉತ್ಸಾಹದಲ್ಲಿ ಏನನ್ನೂ ಬಿಡಲಿಲ್ಲ. ಹದಿನಾರು ಹಾಳೆ ಅಂಟಿಸಿ ಕಾರ್ಖಾನೆಯ ಗೋಡೆಗೆ ಹಚ್ಚಿ, ದೂರ ನಿಂತು ನೋಡಿ ಬೀಗಿದೆ.

ಕಾರ್ಖಾನೆಯ ಯಜಮಾನರು ಬಂದರು, ಕನ್ನಡಕ ಹಾಕಿದರು, ತೆಗೆದರು. "ಸೋಮವಾರ ನಮ್ಮೋರೆಲ್ಲ ನೋಡ್ಲಿ. ಇದು ನಮ್ಮ ಕೆಲಸವೇ ಅಂತ ಒಪ್ಪಿದ್ರೆ ಮುಂದುವರಿಸಿ. ಇಲ್ಲಾಂದ್ರೆ ಇಲ್ಲಿಗೇ ಬಿಟ್ಬುಡೋಣ" ಎಂದರು. ಅಂದು ಗುರುವಾರ. ಮೂರು ತಿಂಗಳ ದುಡಿಮೆ ನೀರುಪಾಲಾಗುವ ಲಕ್ಷಣ ಕಂಡು ನನಗೆ ಅಳು ಬಂತು. ಇವರಿಗೆಲ್ಲ ನಕ್ಷೆ ಓದಲು ಬರುವುದಿಲ್ಲ ಎಂದುಕೊಂಡು ಸಮಾಧಾನ ಮಾಡಿಕೊಂಡೆ.

ಮರುದಿನ ಗೋಡೌನು ನೋಡಿಕೊಳ್ಳುವ ಮಹದೇವಪ್ಪನವರು ಗೋಡೆಯ ಮುಂದೆ ನಿಂತಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬೀಗದಕೈ ಗೊಂಚಲು. ನಕ್ಷೆಯಲ್ಲಿ ಅವರು ತಮ್ಮನ್ನೇ ಹುಡುಕುತ್ತಿದ್ದರು. ಮದುವೆಯ ಗ್ರೂಪ್ ಫೋಟೊ ಕೈಗೆ ಬಂದರೆ ನಾವೆಲ್ಲ ಮಾಡುವುದೂ ಅದನ್ನೇ; ಮೊದಲು ನಮ್ಮ ಮುಖ, ಆಮೇಲೆ ಮದುಮಕ್ಕಳು.

"ಇದ್ರಲ್ಲಿ ನಾನೆಲ್ಲಮ್ಮ?" ಎಂದರು. ತೋರಿಸಿದೆ. ಪ್ಯಾಕಿಂಗಿನ ಎರಡು ರಟ್ಟು ತಂದು, ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, ಗೋಡೌನಿನ ಭಾಗ ಬಿಟ್ಟು ನಕ್ಷೆಯ ಎಡಬಲ ಮುಚ್ಚಿದರು. ನಡುವೆ ಒಂಬತ್ತು ಪೆಟ್ಟಿಗೆ ಉಳಿದವು. ಅರೆಗಳಿಗೆ ನೋಡಿದವರೇ, "ತಪ್ಪಾಗಿದೆ ಕಣಮ್ಮ" ಎಂದರು. "ಅಶೋಕಪುರಂ ಕಡೆ ಮನೆಗಳಿಂದ ಹೊಸೆದು ಬಂದ ಬತ್ತಿ ತೇವ ಇದ್ರೆ ನಾನು ಒಳಕ್ಕೆ ತಗೊಳಲ್ಲ, ಬಿಸಿಲಿಗೆ ವಾಪಸ್ ಕಳಿಸ್ಬುಡ್ತೀನಿ. ನಿಮ್ ಗೆರೆ ಎಲ್ಲ ಮುಂದಕ್ಕೇ ಓಡ್ತವೆ, ಒಂದೂ ಹಿಂದಕ್ಕೆ ಬರಲ್ವಲ್ಲ!"

ಮೂರು ತಿಂಗಳು ನನಗೇ ಕಾಣದ ತಪ್ಪು, ಉಳಿದದ್ದನ್ನು ಮುಚ್ಚಿದ್ದೇ ಅವರಿಗೆ ಕಂಡಿತ್ತು. ರಟ್ಟು ಹಿಡಿದ ಕೈ ಸೋಲುವಷ್ಟರಲ್ಲಿ ನನ್ನ ಜಂಬವೂ ಇಳಿದಿತ್ತು.

ಯೋಚಿಸಿದರೆ, ಯಾವ ನಕ್ಷೆಯೂ ಎಲ್ಲವನ್ನೂ ಹೇಳಲು ಹೊರಡುವುದಿಲ್ಲ. ಸರ್ವೆಯವರ ನಕ್ಷೆಯಲ್ಲಿ ಇಲವಾಲದ ಹೊಲಗಳಿರುತ್ತವೆ, ಹೊಲಕ್ಕೆ ನುಗ್ಗುವ ದನಗಳಿರುವುದಿಲ್ಲ. ಅದಕ್ಕಾಗಿ ಯಾರೂ ಸರ್ವೆಯವರನ್ನು ಬೈದಿದ್ದಿಲ್ಲ. ದನಗಳೂ ತಮ್ಮ ಪಾಡಿಗೆ ನುಗ್ಗುತ್ತಲೇ ಇವೆ. ಹಾಗೆಯೇ ಚಿತ್ರದಿಂದ ಬಿಟ್ಟ ಪೆಟ್ಟಿಗೆ ಉಗ್ರಾಣದಲ್ಲಿ ಇದ್ದೇ ಇರುತ್ತದೆ. ಇಷ್ಟು ಸಣ್ಣ ಸಂಗತಿ ತಿಳಿಯಲು ನಾನು ರಟ್ಟು ಹಿಡಿದು ನಿಲ್ಲಬೇಕಾಯಿತು.

ಶನಿವಾರ, ಭಾನುವಾರ ಕೂತು ವಿಭಾಗಕ್ಕೊಂದರಂತೆ ನಾಲ್ಕು ಪುಟ್ಟ ಚಿತ್ರ ಬರೆದೆ. 'ಸರಕು' ಎಂಬ ಪೆಟ್ಟಿಗೆ ನಾಲ್ಕರಲ್ಲೂ ಬಂದು ಕೂತಿತು, ನಾಲ್ಕು ಮನೆಗೂ ಬೇಕಾದ ನೆಂಟನಂತೆ. ಯಜಮಾನರಿಗೆ ಮಾತ್ರ ಬೇರೆ ಹಾಳೆ: ವಿಭಾಗಕ್ಕೊಂದೇ ಪೆಟ್ಟಿಗೆ, ಈ ಸಲ ಕಟ್ಟುವ ಮೂರರ ಸುತ್ತ ದಪ್ಪ ಗೆರೆ. ಎಲ್ಲವನ್ನೂ ಒಮ್ಮೆಲೇ ಕಟ್ಟುವುದು ಬೇಡ, ಮಾರಾಟ ಮುಂದಿನ ಕಂತಿಗೆ ಗೆರೆಯಾಚೆ ಕಾದಿರಲಿ ಎಂದುಕೊಂಡೆ.

ಸೋಮವಾರ ಎಲ್ಲರೂ ತಮ್ಮ ತಮ್ಮ ಹಾಳೆ ಹಿಡಿದು ತಪ್ಪು ಹುಡುಕಿದರು, ಜಗಳವಾಡಿದರು, ಕೊನೆಗೆ "ಇದು ನಮ್ದೇ ಕಣ್ರೀ" ಎಂದರು. ಯಜಮಾನರು ತಮ್ಮ ನಾಲ್ಕು ಪೆಟ್ಟಿಗೆ ನೋಡಿ, "ಇಷ್ಟೇನಾ? ಇಷ್ಟಕ್ಕೆ ಮೂರು ತಿಂಗಳಾ?" ಎನ್ನುತ್ತಲೇ ಸಹಿ ಹಾಕಿದರು. ಆ ಮಾತೂ ನನಗೆ ಹೊಗಳಿಕೆಯಾಗಿ ಕೇಳಿಸಿತು.

ಎಲ್ಲರೂ ಹೋದ ಮೇಲೂ ಮಹದೇವಪ್ಪನವರು ನಿಂತೇ ಇದ್ದರು. ಇನ್ನೇನು ತಪ್ಪೋ ಎಂದು ಪೆನ್ನು ಕೈಗೆತ್ತಿಕೊಂಡೆ. "ಇನ್ನೊಂದು ಕಾಪಿ ಬೇಕಿತ್ತಮ್ಮ" ಎಂದರು, ನಾಚಿಕೊಂಡು. "ಗೋಡೌನಲ್ಲಿ ಬೀಗ ತೆಗ್ದು ಬೀಗ ಹಾಕೋದು ಬಿಟ್ರೆ ನಿಮಗೇನು ಕೆಲಸ ಅಂತಾಳೆ ನಮ್ಮನೆಯವಳು. ತೋರಿಸ್ಬೇಕು."

ಖುಷಿಯಿಂದ ತೆಗೆದುಕೊಟ್ಟೆ. ಅದನ್ನೊಮ್ಮೆ ನೋಡಿ, "ಅವಳಿಗೆ ಇದೂ ಜಾಸ್ತಿ. ಮೂರು ಪೆಟ್ಟಿಗೆ ಸಾಕು, ಮಿಕ್ಕಿದ್ದು ನಾನೇ ಹೇಳ್ತೀನಿ" ಎಂದರು. ಬರೆದುಕೊಟ್ಟೆ. ಆ ಮೂರು ಪೆಟ್ಟಿಗೆಗಳ ಬಗ್ಗೆ ಅವರ ಮನೆಯಲ್ಲಿ ಎಷ್ಟು ಹೊತ್ತು ಮಾತು ನಡೆಯಿತೋ, ಮಾರನೆಯ ದಿನ ಮಹದೇವಪ್ಪನವರು ನಾನು ಕಂಡಂತೆ ಮೊದಲ ಸಲ ಕೆಲಸಕ್ಕೆ ತಡವಾಗಿ ಬಂದರು.