ಹಕ್ಕಿಗೇನಾದರೂ?

ಆರ್ಡಿಸ್ ಸ್ಕೋಗ್ಮೋ ಊರವರ ತೆರಿಗೆ ಕಾಗದ ತುಂಬಿಕೊಡುವುದು ಹಳೆಯ ಕ್ಷೌರದಂಗಡಿಯಲ್ಲಿ. ಬಾಡಿಗೆಗೆ ಹಿಡಿದಾಗ ಕ್ಷೌರಿಕನ ತಿರುಗುಕುರ್ಚಿಯನ್ನು ಹಾಗೇ ಉಳಿಸಿಕೊಂಡಳು. ಅದಾಗಿ ಮೂವತ್ತೊಂದು ವರ್ಷ. ಆ ಕುರ್ಚಿಯಲ್ಲಿ ಕೂತರೆ ಎದುರಿನ ಕನ್ನಡಿಯಲ್ಲಿ ಬೆನ್ನಹಿಂದಿನ ಕಿಟಕಿ, ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರ ಕಾಣುತ್ತವೆ. ತೆರಿಗೆಯ ಸಂಕಟ ಅರ್ಧ ಅಲ್ಲೇ ಕರಗುತ್ತದೆ ಎಂದು ಅವಳ ನಂಬಿಕೆ. ಉಳಿದರ್ಧಕ್ಕೆ ಆ ಊರಿನ ಪದ್ಧತಿಯಂತೆ ಮೊಟ್ಟೆ ಹಾಕಿ ಕುದಿಸಿದ ಕಾಫಿ ಇದೆ.

ಅಮೆರಿಕದ ಮಿನೆಸೋಟ ರಾಜ್ಯದ ತೆರಿಗೆ ಕಾಗದದಲ್ಲಿ ಕಾಡುಜೀವಿಗಳ ಹೆಸರಿನದೊಂದು ಸಾಲುಂಟು. ಇಷ್ಟವಿದ್ದವರು ಅಲ್ಲಿ ನಾಲ್ಕು ಕಾಸು ಬರೆಯಬಹುದು. ಪಕ್ಕದಲ್ಲಿ ಲೂನ್ ಎಂಬ, ಮುಳುಗಿ ಮೀನು ಹಿಡಿಯುವ ನೀರುಹಕ್ಕಿಯ ಪುಟ್ಟ ಚಿತ್ರ. ಆರ್ಡಿಸಳ ಬೆರಳು ಚಿತ್ರ ಮುಟ್ಟಿದ ಕೂಡಲೇ ಬಾಯಿ ತಾನಾಗಿ ಕೇಳುತ್ತಿತ್ತು: "ಹಕ್ಕಿಗೇನಾದರೂ?" ಆ ದುಡ್ಡಿನಿಂದಲೇ ಪ್ರತಿ ವಸಂತದಲ್ಲಿ ಸರೋವರಕ್ಕೊಂದು ದೇವದಾರಿನ ತೆಪ್ಪ ಬರುತ್ತದೆ. ದಡದ ಗೂಡುಗಳನ್ನು ಮೋಟಾರು ದೋಣಿಗಳ ಅಲೆ ಕೊಚ್ಚಿಕೊಂಡು ಹೋಗುವುದರಿಂದ ಲೂನ್‌ಗಳು ತೆಪ್ಪದ ಮೇಲೆ ಮೊಟ್ಟೆಯಿಡುತ್ತವೆ. ಹಿಮಗಡ್ಡೆ ಒಡೆದ ದಿನವೇ ಅವು ಬಂದಿಳಿದು ಕೂಗುತ್ತವೆ. ಆ ಕೂಗಿಗಾಗಿಯೇ ಅವಳು ಇಡೀ ಚಳಿಗಾಲ ಬದುಕಿರುತ್ತಾಳೆ. ಇದು ಉತ್ಪ್ರೇಕ್ಷೆಯಲ್ಲ, ಅವಳನ್ನು ಕಂಡವರಿಗೆ ಗೊತ್ತು.

ಈ ಜನವರಿಯಲ್ಲಿ ಅವಳ ಕಣ್ಣಿನ ಪೊರೆ ತೆಗೆದರು, ಆದರೆ ಊತ ಇಳಿಯಲೇ ಇಲ್ಲ. ಅಂದಿನಿಂದ ಲೋಕಕ್ಕೆಲ್ಲ ಹಾಲಿನ ಕೆನೆ ಬಳಿದಂತಿತ್ತು. ದೀಪಗಳಿಗೆ ಬಳೆ ಮೂಡುತ್ತಿದ್ದವು, ಅಂಕಿಗಳು ಹಿಮದ ಹಾಗೆ ನಿಧಾನವಾಗಿ ಇಳಿಯುತ್ತಿದ್ದವು. ಬಂದವರು ಕುರ್ಚಿಯಲ್ಲಿ ತೇಲಿ ಬಂದು ತೇಲಿ ಹೋದರು. ತೆರಿಗೆಯ ಋತು ಕನಸಿನಲ್ಲಿ ನಡೆದಂತೆ ಮುಗಿಯುತ್ತ ಬಂತು.

ಏಪ್ರಿಲ್ ಹದಿನೈದು, ಕೊನೆಯ ದಿನ. ಮಧ್ಯಾಹ್ನ ಎಂದಿನಂತೆ ಕೊನೆಯ ಗಿರಾಕಿಯಾಗಿ ವರ್ಲಿನ್ ಹೌಗೋ ಬಂದ. ಹಾಲಿನ ಹಸುಗಳನ್ನು ಮಾರಿ ಒಂಟಿಯಾಗಿರುವ ಜಿಪುಣಾಗ್ರೇಸರ. ಮೂವತ್ತು ವರ್ಷವೂ ಹಕ್ಕಿಗೆ ಅವನದೊಂದೇ ಉತ್ತರ: "ಅದರ ಮೀನು ಅದೇ ಹಿಡ್ಕೊಳ್ಳಲಿ."

"ಮುಗೀತು, ಸಹಿ ಹಾಕು," ಎಂದಳು ಆರ್ಡಿಸ್.

ಅವನು ಪೆನ್ನು ಹಿಡಿದ, ಸಹಿ ಹಾಕಲಿಲ್ಲ. "ಕೇಳು ಮತ್ತೆ."

"ಏನ್ ಕೇಳ್ಲಿ?"

"ಹಕ್ಕಿ ವಿಷ್ಯ ಕಣೇ! ಕೇಳಿದ್ರೆ ಇಲ್ಲ ಅಂದು ಹೋಗ್ತೀನಿ."

ಅವಳ ಬೆರಳು ಕಾಗದದ ಮೇಲೆ ಕೆಳಗಿಳಿಯಿತು, ಮೇಲೇರಿತು. ಚಿತ್ರವಿಲ್ಲ. ಜನವರಿಯಲ್ಲಿ ರಾಜ್ಯದ ಕಚೇರಿಯಿಂದ ಬಂದಿದ್ದ ಹೊಸ ಬದಲಾವಣೆಗಳ ಪತ್ರವನ್ನು ಈಗ ಮೂಗಿಗೆ ಹಿಡಿದು ಓದಿದಳು. ಮೂರನೇ ಪುಟದಲ್ಲಿತ್ತು: ಆ ಸಾಲು ಇನ್ನು ಮುಂದೆ ಬೇರೆ ಹಾಳೆಯಲ್ಲಿ, ಬೇಕೆಂದವರಿಗೆ ಮಾತ್ರ ಲಗತ್ತಿಸುವುದು.

"ಚಿತ್ರ ಬೆರಳಿಗೆ ಸಿಗ್ಲಿಲ್ಲ, ಯಾರನ್ನೂ ಕೇಳಿಲ್ಲ ಕಣೋ ನಾನು," ಎಂದಳು. "ನೂರಮೂವತ್ತೇಳು ಜನ ಬಂದುಹೋದ್ರು, ಒಬ್ರನ್ನೂ ಕೇಳಿಲ್ಲ. ಇನ್ನು ತೆಪ್ಪ ಎಲ್ಲಿಂದ ಬರತ್ತೆ?"

"ಎಲ್ರಿಗೂ ಫೋನ್ ಮಾಡು."

"ಮಾಡಿ ಏನಂತ ಹೇಳ್ಲಿ? ಕಾಗದ ಸರಿಯಾಗಿ ಓದ್ರೋ ಅಂತ ಊರಿನ ತಲೆ ತಿಂದೋಳು ನಾನೇ ಓದ್ಲಿಲ್ಲ ಅಂತಲಾ?" ಅವಳು ಬಿಕ್ಕಿದಳು. ನಾಚಿಕೆಯಿಂದ ಸತ್ತೇಹೋಗುವಂತಾಗಿತ್ತು.

ವರ್ಲಿನ್ ಸಹಿ ಹಾಕಿ, ಟೋಪಿ ತೆಗೆದುಕೊಂಡು ಹೊರಟೇಹೋದ. ಸಮಾಧಾನದ ಮಾತು ಆ ಮನುಷ್ಯನಿಗೆ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಊರ ಕೆಫೆಯ ಬಾಗಿಲು ತಳ್ಳಿದ ಆರ್ಡಿಸ್ ಅಲ್ಲೇ ನಿಂತಳು. ಕೆನೆಬೆಳಕಿನಲ್ಲಿ ಉದ್ದನೆಯ ಆಕೃತಿಯೊಂದು ಟೋಪಿಯನ್ನು ಬಟ್ಟಲಿನಂತೆ ಹಿಡಿದು ಮೇಜಿನಿಂದ ಮೇಜಿಗೆ ಸಾಗುತ್ತಿತ್ತು.

"ಹಕ್ಕಿಗೇನಾದ್ರೂ?"

"ಅದರ ಮೀನು ಅದೇ ಹಿಡ್ಕೊಳ್ಳಲಿ, ನೀನೇ ಹೇಳ್ತಿದ್ದೆಯಲ್ಲೋ!" ಎಂದಳು ಅಂಚೆಯ ಆರ್ಫಾ. ಕೆಫೆಯೆಲ್ಲ ಗೊಳ್ಳೆಂದಿತು.

ವರ್ಲಿನ್‌ನ ಕಿವಿಗಳು ಕೆಂಪಾದವು. "ಮೀನು ಹಿಡ್ಕೊಳ್ಳುತ್ತೆ ಮಾರಾಯ್ತಿ. ಮೊಟ್ಟೆ ಇಡೋಕೆ ಜಾಗ ಬೇಡ್ವಾ?"

ಆರ್ಫಾ ನಗುತ್ತಲೇ ಪರ್ಸ್ ತೆಗೆದಳು.

ಕೊನೆಗೆ ಅವನು ಆರ್ಡಿಸಳ ಎದುರು ಬಂದು ನಿಂತ. "ಎಲ್ರನ್ನೂ ಕೇಳಾಯ್ತು. ನನ್ನೊಬ್ಬನ್ನ ಯಾರೂ ಕೇಳ್ಲಿಲ್ಲ."

"ನೀನು ಬೇಡ ಅಂತೀಯಲ್ಲ."

"ಹೆಂಡ್ತಿ ಹೋದ್ಮೇಲೆ ನನ್ನನ್ನ ಏನಾದ್ರೂ ಕೇಳೋಳು ಅಂದ್ರೆ ನೀನೊಬ್ಳೇ," ಎಂದ, ಬೂಟು ನೋಡುತ್ತ. "ಹೂಂ ಅಂದ್ಬಿಟ್ರೆ ಮುಂದಿನ ವರ್ಷ ಕೇಳದೇನೇ ಬರ್ಕೊಂಡುಬಿಡ್ತೀಯ ಅಂತ ಹೆದರಿಕೆ."

ಆರ್ಡಿಸ್ ಕೆನೆಗಣ್ಣಿನಿಂದ ಅವನ ಮುಖ ಹುಡುಕಿದಳು. ಹೊರಗೆ ಸರೋವರದ ಗಡ್ಡೆ ಲಟಲಟನೆ ಬಿರಿಯುತ್ತಿತ್ತು.

"ವರ್ಲಿನ್, ಹಕ್ಕಿಗೇನಾದರೂ?"

"ಅದರ ಮೀನು ಅದೇ ಹಿಡ್ಕೊಳ್ಳಲಿ," ಎಂದು ಅವನು ಕೋಟಿನ ಜೇಬಿಗೆ ಕೈಹಾಕಿದ.